ಒಸರುತ್ತಿದ್ದ ಯೆಜ್ಡಿ ಟ್ಯಾಂಕ್: ಒಂದು ದುರಸ್ತಿಯ ಪೂರ್ಣ ವಿವರ

ನನ್ನ ಶೆಡ್ಡಿಗೆ ದುರಸ್ತಿಗೆ ಬಂದ ಬೈಕ್ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1980ರ ದಶಕದಲ್ಲಿ ಹೊರಬಂದದ್ದು. ಮಾಲೀಕರು ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು. ಅವರು ಹೇಳಿದ ದೂರು ಚಿಕ್ಕದು: ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದಲ್ಲಿರುವ ನಲ್ಲಿ) ಸೋರುತ್ತಿದೆ, ಎರಡು ಕಡೆ ತೋರಿಸಿದರೂ ನಿಲ್ಲಲಿಲ್ಲ. ಮೊದಲನೆಯ ಕಡೆ ಕಾಕ್‌ನ ವಾಷರ್ ಬದಲಾಯಿಸಿದ್ದರು. ಎರಡನೆಯ ಕಡೆ ಕಾಕ್ ಅನ್ನೇ ಬದಲಾಯಿಸಿ, ಅದರ ಸುತ್ತ ಎರಡು ಉಂಡೆಗಳನ್ನು ಕಲಸಿ ಮೆತ್ತುವ ಎಪಾಕ್ಸಿಯನ್ನು ದಪ್ಪಗೆ ಬಳಿದಿದ್ದರು. ಹನಿ ಮಾತ್ರ ಅದೇ ಕಾಕ್‌ನ ತುದಿಯಿಂದ ಬೀಳುತ್ತಲೇ ಇತ್ತು.

ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಕಾರಣವಿದೆ. ಹಳೆಯ ಗಾಡಿಗಳ ಟ್ಯಾಂಕ್ ಸೋರಿದಾಗ ಹೆಚ್ಚಿನವರು ತೂತನ್ನು ಮುಚ್ಚುವುದರಿಂದ ಕೆಲಸ ಶುರುಮಾಡುತ್ತಾರೆ. ತೂತು ಮುಚ್ಚುವುದು ಈ ಕೆಲಸದ ಕೊನೆಯ ಪಾಲು, ಅದೂ ಸಣ್ಣ ಪಾಲು. ಅದಕ್ಕೆ ಮುಂಚಿನ ಹೆಜ್ಜೆಗಳನ್ನು ಬಿಟ್ಟರೆ ಒಂದೋ ಸೋರಿಕೆ ಮರಳಿ ಬರುತ್ತದೆ, ಇಲ್ಲವೇ ಬೆಂಕಿ ಹೊತ್ತಿಕೊಳ್ಳುತ್ತದೆ.

ಮೊದಲು ಹುಡುಕಬೇಕಾದದ್ದು ಸೋರಿಕೆಯ ಮೂಲ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಇದಕ್ಕೊಂದು ಅನುಕೂಲವಿದೆ. ಇವುಗಳಲ್ಲಿ ಎಂಜಿನ್ ಸವೆಯದಂತೆ ಪೆಟ್ರೋಲಿಗೇ 2ಟಿ ಎಣ್ಣೆ ಬೆರೆಸಿರುತ್ತಾರೆ. ಒಸರಿದ ಪೆಟ್ರೋಲ್ ಆವಿಯಾಗಿ ಹೋದರೂ ಎಣ್ಣೆ ಅಲ್ಲೇ ಉಳಿದು, ಅದಕ್ಕೆ ಧೂಳು ಹತ್ತಿ, ಹನಿ ಹರಿದ ದಾರಿಯುದ್ದಕ್ಕೂ ಕಪ್ಪು ಗೆರೆಯಾಗುತ್ತದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಇಷ್ಟು ಸ್ಪಷ್ಟವಾದ ಗುರುತು ಸಿಗುವುದಿಲ್ಲ. ಹೆಚ್ಚೆಂದರೆ ಬಣ್ಣ ಮಂಕಾಗಿರುತ್ತದೆ ಅಥವಾ ಗುಳ್ಳೆ ಎದ್ದಿರುತ್ತದೆ. ಈ ಗಾಡಿಯಲ್ಲಿ ಕಪ್ಪು ಗೆರೆ ಕಾಕ್‌ನಿಂದ ಶುರುವಾಗಿರಲಿಲ್ಲ. ಟ್ಯಾಂಕಿನ ತಳದಲ್ಲಿ ಎರಡು ತಗಡುಗಳು ಕೂಡುವ ಅಂಚಿನುದ್ದಕ್ಕೂ ಮುಂದೆ ಸಾಗಿ, ಚಾಸಿಯ ಕೊಳವೆ ಕೂರುವ ತಗ್ಗಿನೊಳಕ್ಕೆ ಹೋಗಿ ಮರೆಯಾಗಿತ್ತು. ಟ್ಯಾಂಕ್ ಗಾಡಿಯ ಮೇಲಿರುವಾಗ ಅಲ್ಲಿಗೆ ಕಣ್ಣೂ ಹೋಗದು, ಬೆರಳೂ ಹೋಗದು.

ಟ್ಯಾಂಕನ್ನು ಬಿಚ್ಚಿ ಎರಡು ಮರದ ತುಂಡುಗಳ ಮೇಲೆ ಇಟ್ಟು, ತಳವನ್ನು ಒರೆಸಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಕಾಕ್‌ನಿಂದ ನಾಲ್ಕು ಬೆರಳು ಮುಂದೆ, ತಗ್ಗಿನ ಒಳಗೋಡೆಯ ಮೇಲೆ, ಬಿಳಿ ಪೌಡರಿನ ನಡುವೆ ಒಂದು ಒದ್ದೆ ಚುಕ್ಕಿ ಮೂಡಿತು. ಅದು ನಿಧಾನವಾಗಿ ಹರಡಿ, ಜಾರಿ, ಅಂಚಿಗೆ ಸೇರಿ, ಅಂಚನ್ನು ಹಿಡಿದು ಕಾಕ್‌ನತ್ತ ಹೊರಟಿತು. ಹೊಸ ಕಾಕ್‌ನಲ್ಲಿ ಯಾವ ದೋಷವೂ ಇರಲಿಲ್ಲ.

ಮೇಷ್ಟ್ರು ಅದನ್ನು ಬಗ್ಗಿ ನೋಡಿ, "ಹಾಗಾದರೆ ಅಲ್ಲಿಗೊಂದು ಚುಕ್ಕೆ ಬೆಸುಗೆ ಇಟ್ಟುಬಿಡಿ, ಸಂಜೆಗೆ ತೆಗೆದುಕೊಂಡು ಹೋಗುತ್ತೇನೆ" ಎಂದರು. "ಮೇಷ್ಟ್ರೇ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿದಿದೆ. ಕಾಣುವ ತೂತು ಒಂದು, ಕಾಣದವು ಎಷ್ಟಿವೆಯೋ. ತೊಳೆದ ಮೇಲೆ ಸೋರಿಕೆ ಹೆಚ್ಚಾದಂತೆ ಕಾಣಬಹುದು, ಅದಕ್ಕೆ ನೀವು ಒಪ್ಪಿದರೆ ಮಾತ್ರ ಕೈ ಹಾಕುತ್ತೇನೆ" ಎಂದೆ. ಇದನ್ನು ಕೆಲಸ ಹಿಡಿಯುವ ಮುನ್ನವೇ ಹೇಳಬೇಕು. ಹಳೆಯ ಟ್ಯಾಂಕಿನಲ್ಲಿ ಎಷ್ಟೋ ತೂತುಗಳನ್ನು ತುಕ್ಕೇ ಮುಚ್ಚಿಕೊಂಡಿರುತ್ತದೆ. ತುಕ್ಕು ತೆಗೆದ ಕೂಡಲೇ ಅವೆಲ್ಲ ಬಾಯಿ ಬಿಡುತ್ತವೆ. ಮುಂಚೆ ತಿಳಿಸದಿದ್ದರೆ, ಚೆನ್ನಾಗಿದ್ದ ಟ್ಯಾಂಕನ್ನು ಹಾಳುಮಾಡಿದರು ಎಂದೇ ಗಿರಾಕಿಗೆ ಅನಿಸುತ್ತದೆ. ಮೇಷ್ಟ್ರು ಒಪ್ಪಿದರು.

ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದಾಗ ಕಾರಣ ಎದುರಿಗೇ ಕಂಡಿತು. ಮೇಲೆ ಪೆಟ್ರೋಲ್, ತಳದಲ್ಲಿ ಕಂದುಬಣ್ಣದ ಬೇರೊಂದು ಪದರ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳುಬಿಟ್ಟಿತ್ತು, ಮಲೆನಾಡಿನ ಮಳೆ ಆ ಸೀಳಿನಿಂದ ಒಳಗಿಳಿದಿತ್ತು. ಗಾಡಿ ವರ್ಷದ ಬಹುಪಾಲು ಅಡಿಕೆ ಕೊಟ್ಟಿಗೆಯ ಚಾಚಿನ ಕೆಳಗೆ, ಸೈಡ್ ಸ್ಟ್ಯಾಂಡಿನ ಮೇಲೆ, ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ನಿಂತಿರುತ್ತಿತ್ತು. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಗಾಡಿ ಎಡಕ್ಕೆ ವಾಲಿ ನಿಂತಿದ್ದರೆ ಎಡಬದಿಯ ತಳದಲ್ಲೇ ನಿಲ್ಲುತ್ತದೆ. ತೂತು ಬಿದ್ದಿದ್ದದ್ದೂ ಅಲ್ಲೇ.

ಇದರ ಜೊತೆಗೆ ಈಗಿನ ಪೆಟ್ರೋಲಿನ ಗುಣವೂ ಸೇರಿಕೊಂಡಿದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಸ್ವಲ್ಪ ನೀರಿದ್ದರೆ ಪೆಟ್ರೋಲಿನಲ್ಲೇ ಕರಗಿಸಿ ಎಂಜಿನ್ನಿಗೆ ಸಾಗಿಸಿಬಿಡುತ್ತದೆ, ಅದು ಒಳ್ಳೆಯದೇ. ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ದಿನವೂ ಓಡುವ ಗಾಡಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕಿಗೆ ಇದು ಮಾರಕ. ರೋಡ್‌ಕಿಂಗ್ ತಯಾರಾದ ಕಾಲದಲ್ಲಿ ನಮ್ಮಲ್ಲಿ ಇಂಥ ಪೆಟ್ರೋಲ್ ಇರಲೇ ಇಲ್ಲ. ಅದರ ರಬ್ಬರುಗಳನ್ನೂ ವಾಷರುಗಳನ್ನೂ ಇದಕ್ಕೆಂದು ಆರಿಸಿದ್ದಲ್ಲ.

ಹೊರಗಿನಿಂದಲೂ ಒಂದು ಪೆಟ್ಟು ಬಿದ್ದಿತ್ತು. ತಗ್ಗಿನೊಳಗೆ ವೈರಿಂಗ್ ಕಟ್ಟು ಟ್ಯಾಂಕಿಗೆ ತಾಗಿಕೊಂಡು ಸಾಗುತ್ತದೆ. ಅದರ ಮೇಲೆ ಕೂತ ಕೆಸರು ಮಳೆಗಾಲವಿಡೀ ಒಣಗದೆ, ಬಣ್ಣವನ್ನು ಎಬ್ಬಿಸಿ ತಗಡನ್ನು ತಿಂದಿತ್ತು. ಎರಡೂ ಕಡೆಯಿಂದ ಸವೆದ ಜಾಗವೇ ಮೊದಲು ಸೋತಿತು.

ಇನ್ನು ಬೆಂಕಿಯ ವಿಷಯ. ಇದನ್ನು ಅವಸರದಲ್ಲಿ ದಾಟಲು ನನಗೆ ಮನಸ್ಸಿಲ್ಲ. "ಟ್ಯಾಂಕ್ ಖಾಲಿಯಿದೆ, ಏನೂ ಆಗುವುದಿಲ್ಲ" ಎಂಬ ಮಾತಿನಷ್ಟು ಅಪಾಯಕಾರಿ ಮಾತು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಪೆಟ್ರೋಲ್ ಸುಮಾರು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೊತ್ತಿಕೊಳ್ಳಬಲ್ಲಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿಯ ಪ್ರಮಾಣ ಸುಮಾರು ಶೇಕಡಾ 1.4ರಿಂದ 7.6ರ ನಡುವೆ ಇದ್ದರೆ ಕಿಡಿ ತಗುಲಿದ ಕೂಡಲೇ ಸಿಡಿಯುತ್ತದೆ. 14 ಲೀಟರ್ ಹಿಡಿಯುವ ಟ್ಯಾಂಕ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅದರೊಳಗೆ ಸುಮಾರು ಒಂದು ಮಿಲಿಲೀಟರ್ ಪೆಟ್ರೋಲ್ ಆವಿಯಾದರೆ ಆ ಕೆಳಮಿತಿ ಮುಟ್ಟುತ್ತದೆ. ಅಂದರೆ ಕಾಲು ಚಮಚಕ್ಕಿಂತ ಕಡಿಮೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವೇ ಕಡಿಮೆ, ಖಾಲಿ ಟ್ಯಾಂಕಿನಲ್ಲಿ ಗಾಳಿಯೂ ಇದೆ, ಆವಿಯೂ ಇದೆ. ತುಕ್ಕಿನ ಪದರದೊಳಗೆ, ತಗಡಿನ ಮಡಿಕೆಯೊಳಗೆ, ಹಳೆಯ ಎಣ್ಣೆಯ ಜಿಡ್ಡಿನೊಳಗೆ ಕುಳಿತ ಪೆಟ್ರೋಲ್ ತಣ್ಣಗಿರುವಾಗ ಮೂಗಿಗೂ ತಿಳಿಯುವುದಿಲ್ಲ. ಬೆಸುಗೆಯ ಬಿಸಿ ತಟ್ಟಿದಾಗ ಹೊರಬರುತ್ತದೆ. ಬಿಸಿಲಿಗೆ ಇಟ್ಟು ಒಣಗಿಸಿದೆ, ವಾಸನೆ ಹೋಗಿದೆ ಎಂಬುದು ಸಾಕಾಗುವ ಪರೀಕ್ಷೆಯಲ್ಲ. ಕಾರಿನ ಸೈಲೆನ್ಸರ್ ಹೊಗೆಯನ್ನು ಟ್ಯಾಂಕಿಗೆ ಬಿಟ್ಟು ಬೆಸುಗೆ ಹಾಕುವ ಹಳೆಯ ರೂಢಿಯೂ ಕೆಲವು ಕಡೆ ಇದೆ. ಟ್ಯಾಂಕಿನ ಮೂಲೆಮೂಲೆಯಲ್ಲಿ ಆ ಹೊಗೆಯೇ ತುಂಬಿದೆಯೇ, ಗಾಳಿ ಉಳಿದಿದೆಯೇ ಎಂದು ತಿಳಿಯುವ ದಾರಿ ಶೆಡ್ಡಿನಲ್ಲಿ ಇರುವುದಿಲ್ಲ. ನಾನು ಅದನ್ನು ಮಾಡುವುದಿಲ್ಲ, ಮಾಡಿ ಎಂದು ಯಾರಿಗೂ ಹೇಳುವುದೂ ಇಲ್ಲ.

ಪೆಟ್ರೋಲ್ ಇಳಿಸಿದ್ದು ಬಯಲಿನಲ್ಲಿ, ಬ್ಯಾಟರಿ ಬಿಚ್ಚಿಟ್ಟು, ಲೋಹದ ಡಬ್ಬಕ್ಕೆ. ಗಾಜಿನ ಬಾಟಲಿಗೆ ಹಿಡಿದದ್ದು ನೋಡಲು ಬೇಕಾದ ಒಂದಿಷ್ಟು ಮಾತ್ರ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಸ್ವಿಚ್ಚನ್ನೋ ತಲುಪಬಲ್ಲದು. ಹಾಗಾಗಿ ತಗ್ಗಿನ ಜಾಗ, ನೆಲಮಾಳಿಗೆ ಕೂಡದು. ಆಮೇಲೆ ಬಿಸಿನೀರು ಮತ್ತು ಬಟ್ಟೆ ಒಗೆಯುವ ಪುಡಿ ಹಾಕಿ ಕುಲುಕಿ ಚೆಲ್ಲಿ, ಮತ್ತೆ ಹಾಕಿ ಕುಲುಕಿ ಚೆಲ್ಲಿ, ಹೊರಬರುವ ನೀರಿನ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ ಕಾಣದಂತಾಗುವವರೆಗೂ ತೊಳೆದೆ. ಜಿಡ್ಡು ಉಳಿದರೆ, ತುಕ್ಕು ಬಿಡಿಸಲು ಮುಂದೆ ತುಂಬುವ ಹುಳಿನೀರು, ಅಂದರೆ ಆಮ್ಲ ಬೆರೆತ ನೀರು, ತುಕ್ಕನ್ನು ಮುಟ್ಟುವುದೇ ಇಲ್ಲ.

ತುಕ್ಕು ಬಿಡಿಸಲು ಬಳಸಿದ್ದು ಸಿಟ್ರಿಕ್ ಆಮ್ಲ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಗುತ್ತದೆ. ಲೀಟರ್ ಬಿಸಿನೀರಿಗೆ ಸುಮಾರು 60ರಿಂದ 80 ಗ್ರಾಂ. ಕಕ್ಕಸು ತೊಳೆಯುವ ಆ್ಯಸಿಡ್ ಸುರಿಯುವವರೂ ಇದ್ದಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕಿನ ಜೊತೆಗೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ಮಡಿಕೆಗಳಲ್ಲಿ ಅದರ ಕ್ಲೋರೈಡ್ ಉಳಿದುಕೊಂಡು ಮತ್ತೆ ತುಕ್ಕು ಎಬ್ಬಿಸುತ್ತದೆ. ಮೊದಲೇ ತೆಳುವಾದ ತಗಡಿಗೆ ಅದನ್ನು ಸುರಿಯುವುದು ಅನ್ಯಾಯ. ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಬಳಸಿ ತುಕ್ಕು ಬಿಡಿಸುವ ವಿಧಾನವೂ ಒಳ್ಳೆಯದೇ, ಆದರೆ ಅದರಲ್ಲಿ ಹೈಡ್ರೋಜನ್ ಅನಿಲ ಏಳುತ್ತದೆ. ಗಾಳಿಯಾಡುವ ಜಾಗದಲ್ಲಿ ಮಾತ್ರ ಮಾಡಬೇಕು.

ತೂತಿದ್ದ ಜಾಗಕ್ಕೆ ಸೈಕಲ್ ಟ್ಯೂಬಿನ ತುಂಡನ್ನಿಟ್ಟು, ಮರದ ಬೆಣೆ ಒತ್ತಿ ಕಟ್ಟಿ, ಹುಳಿನೀರನ್ನು ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹೊರಬಂದ ನೀರು ಹಸಿರು ಬೆರೆತ ಕಪ್ಪು. ಚೆಲ್ಲಿ, ಹಳೆಯ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿ, ಮತ್ತೆ ಹುಳಿನೀರು. ಕೊನೆಗೆ ವಾಷಿಂಗ್ ಸೋಡಾ ನೀರಿನಲ್ಲಿ ಗಲಬರಿಸಿ ಆಮ್ಲವನ್ನು ಮುರಿದೆ. ಟಾರ್ಚ್ ಬಿಟ್ಟು ನೋಡಿದರೆ ಬಲಬದಿಯ ತಗಡು ಬೂದುಬಣ್ಣದಲ್ಲಿ ಗಟ್ಟಿಯಾಗಿತ್ತು. ಎಡಬದಿಯ ತಳದಲ್ಲಿ ಮಾತ್ರ ಕುಳಿಗಳು. ಕತ್ತಲಲ್ಲಿ ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ನೋಡಿದಾಗ, ಮೊದಲು ಕಂಡ ಚುಕ್ಕಿಯ ಪಕ್ಕದಲ್ಲಿ ಇನ್ನೆರಡು ಕಡೆ ಬೆಳಕು ಸೂಜಿಮೊನೆಯಷ್ಟು ಹೊರಬಂದಿತು. ದಬ್ಬಳದಿಂದ ಮೆಲ್ಲನೆ ಒತ್ತಿದರೆ ದೊಡ್ಡ ತೂತಿನ ಅಂಚು ಪುಡಿಯಾಗಿ ಹೆಸರುಕಾಳಿನಷ್ಟಾಯಿತು. ಹೀಗೆ ಒತ್ತಿ ನೋಡುವುದು ಅಗತ್ಯ. ಸತ್ತ ತಗಡಿನ ಮೇಲೆ ಕೂತ ಬೆಸುಗೆ ನಿಲ್ಲುವುದಿಲ್ಲ. ಗಟ್ಟಿ ಲೋಹ ಎಲ್ಲಿ ಶುರುವಾಗುತ್ತದೆ ಎಂಬುದು ಕೈಗೆ ಗೊತ್ತಾಗಬೇಕು.

ಈಗ ತೂತು ಮುಚ್ಚುವ ವಿಧಾನ ಆರಿಸಬೇಕು. ಟ್ಯಾಂಕಿನ ತಗಡು ಹೊಸದಿದ್ದಾಗಲೇ ಸುಮಾರು ಒಂದು ಮಿಲಿಮೀಟರ್ ಆಸುಪಾಸಿನದು, ಈ ಜಾಗದಲ್ಲಿ ಅದರ ಅರ್ಧವೂ ಉಳಿದಿರಲಿಲ್ಲ. ಆರ್ಕ್ ವೆಲ್ಡಿಂಗ್ ಇಂಥ ತಗಡನ್ನು ಮುಚ್ಚುವ ಬದಲು ಇನ್ನಷ್ಟು ತೂತು ಮಾಡುತ್ತದೆ. ಹಿತ್ತಾಳೆ ಕಡ್ಡಿಯಿಂದ ಗ್ಯಾಸ್ ಬ್ರೇಜಿಂಗ್ ಮಾಡಿದರೆ ಬಲ ಚೆನ್ನಾಗಿರುತ್ತದೆ, ಆದರೆ ಸುಮಾರು 900 ಡಿಗ್ರಿಯ ಬಿಸಿಗೆ ತಗಡು ಸೊಟ್ಟಗಾಗುತ್ತದೆ, ಮೇಲ್ಭಾಗದ ಹಳೆಯ ಬಣ್ಣವೂ ಸುಡುತ್ತದೆ. ಆ ಬಣ್ಣ ಉಳಿಯಲೇಬೇಕೆಂದು ಮೇಷ್ಟ್ರ ಆಸೆ, ನನ್ನದೂ ಕೂಡ. ಒಳಗೆ ಎಪಾಕ್ಸಿ ದ್ರವ ಸುರಿದು ಪೊರೆ ಕಟ್ಟುವ ಪದ್ಧತಿ ಮೂರನೆಯದು. ಟ್ಯಾಂಕಿನ ತಳವೆಲ್ಲ ಜಾಲರಿಯಾಗಿದ್ದರೆ ಅದನ್ನು ಬಿಟ್ಟು ಗತಿಯಿಲ್ಲ. ಆದರೆ ಒಳಗೆ ಎಲ್ಲೋ ಜಿಡ್ಡು ಉಳಿದು ಪೊರೆ ಎದ್ದರೆ ಅದರ ಚೂರುಗಳು ಕಾರ್ಬ್ಯುರೇಟರ್ ಜೆಟ್ಟಿನ ಸಣ್ಣ ರಂಧ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಎಥೆನಾಲ್ ತಡೆಯದ ಎಪಾಕ್ಸಿಯಾದರೆ ಮೆತ್ತಗಾಗಿ ಏಳುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಹೊಸ ಡೂಪ್ಲಿಕೇಟ್ ಟ್ಯಾಂಕ್ ಹಾಕಬಹುದಿತ್ತು. ಕಾರ್ಖಾನೆ 1996ರಲ್ಲೇ ಮುಚ್ಚಿದೆ, ಅಲ್ಲಿ ತಯಾರಾದ ತಗಡು ಮುಕ್ಕಾಲು ಪಾಲು ಗಟ್ಟಿಯಾಗಿರುವಾಗ ಅದನ್ನು ಗುಜರಿಗೆ ಹಾಕಲು ನಾನು ಸಿದ್ಧನಿರಲಿಲ್ಲ.

ಹಾಗಾಗಿ ತವರದ ಬೆಸುಗೆ, ಅಂದರೆ ಸೋಲ್ಡರಿಂಗ್. ಟ್ಯಾಂಕಿನ ತಳಕ್ಕೆ ಪೆಟ್ರೋಲಿನ ಭಾರ ಬಿಟ್ಟರೆ ಬೇರೆ ಒತ್ತಡವಿಲ್ಲ, ತೇಪೆ ಸರಿಯಾಗಿ ಕೂತರೆ ಅದಕ್ಕೆ ತವರ ಸಾಕು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಹಿರಿಯರು ಬಳಸುತ್ತಿದ್ದದ್ದು ತವರ ಮತ್ತು ಸೀಸ ಬೆರೆತ ಕಡ್ಡಿ. ಅದು 190 ಡಿಗ್ರಿಯ ಆಸುಪಾಸಿನಲ್ಲೇ ಕರಗುವುದರಿಂದ ಕೆಲಸ ಸುಲಭ. ಆದರೆ ಎಥೆನಾಲ್ ಹೆಚ್ಚಿರುವ ಇಂಧನಕ್ಕೆ ಸೀಸ ಒಗ್ಗುವುದಿಲ್ಲ, ನಿಧಾನವಾಗಿ ಸವೆಯುತ್ತದೆ. ಆದ್ದರಿಂದ ಸೀಸವಿಲ್ಲದ, ತವರಕ್ಕೆ ತುಸು ತಾಮ್ರ ಬೆರೆತ ಕಡ್ಡಿಯನ್ನು ತರಿಸಿದೆ. ಅದು ಕರಗುವುದು 227 ಡಿಗ್ರಿಯಲ್ಲಿ.

ತಗಡಿನ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರನ್ನು ಕರೆಸಿಕೊಂಡೆ. ಡಬ್ಬ, ಕೊಡ, ಲಾಂದ್ರಗಳಿಗೆ ಬೆಸುಗೆ ಹಾಕಿ ಜೀವನ ನಡೆಸಿದವರು ಅವರು. ಟ್ಯಾಂಕನ್ನು ಬೋರಲು ಹಾಕಿದೆವು. ಮುಚ್ಚಳದಲ್ಲಿ ಗಾಳಿಗೆಂದು ಇರುವ ಸಣ್ಣ ರಂಧ್ರ ಸೋರದಂತೆ ಒಳಗೆ ರಬ್ಬರ್ ಹಾಳೆ ಇಟ್ಟು ಬಿಗಿದೆವು. ಕಾಕ್ ಬಿಚ್ಚಿದ ತೂತು ಈಗ ಮೇಲಕ್ಕೆ ಬಂದಿತ್ತು. ಅಲ್ಲಿಂದ ನೀರು ತುಂಬಿ, ಬೆಸುಗೆ ಹಾಕುವ ಜಾಗಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲಿಸಿದೆವು. ಆವಿಗೆ ಉಳಿದ ಜಾಗ ತೀರಾ ಕಡಿಮೆ, ಕಾಕ್ ತೂತು ಹೊರದಾರಿಯಾಗಿ ತೆರೆದೇ ಇತ್ತು. ಅದನ್ನು ಎಂದೂ ಮುಚ್ಚಬಾರದು, ಒಳಗೆ ಉಗಿ ಒತ್ತಡ ಕಟ್ಟುತ್ತದೆ. ನೀರು ತಗಡಿಗೆ ತಾಗಿದ್ದರೆ ಬಿಸಿಯನ್ನೆಲ್ಲ ಅದೇ ಹೀರಿಕೊಂಡು ತವರ ಕರಗುವುದೇ ಇಲ್ಲ, ಅದಕ್ಕೇ ಆ ಎರಡು ಬೆರಳಿನ ಅಂತರ.

ತೂತುಗಳ ಸುತ್ತ ಗಟ್ಟಿ ಲೋಹ ಸಿಗುವವರೆಗೆ ಎಮರಿ ಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿದ ಮೇಲೆ, ತವರ ಚೆನ್ನಾಗಿ ಹಿಡಿಯಲೆಂದು ಹಿರಿಯರು ಸತು ಕರಗಿಸಿದ ಆ್ಯಸಿಡನ್ನು ಗರಿಯಿಂದ ಸವರಿದರು. ತಾಮ್ರದ ದೊಡ್ಡ ಸೋಲ್ಡರಿಂಗ್ ಐರನ್ ಕಾಯುತ್ತಿದ್ದದ್ದು ಅಂಗಳದ ಆಚೆ ತುದಿಯಲ್ಲಿ. ಟ್ಯಾಂಕಿನ ಬಳಿ ಜ್ವಾಲೆಯೇ ಇಲ್ಲದಿರುವುದು ಈ ವಿಧಾನದ ದೊಡ್ಡ ಲಾಭ. ಹಾಗೆಂದು ತೊಳೆಯುವುದನ್ನು ಬಿಡುವಂತಿಲ್ಲ, ಚೆನ್ನಾಗಿ ಕಾದ ಐರನ್ ಕೂಡ ಪೆಟ್ರೋಲ್ ಆವಿಯನ್ನು ತಾನೇ ಹೊತ್ತಿಸುವಷ್ಟು ಬಿಸಿಯಾಗಬಲ್ಲದು. ಹಿರಿಯರು ಐರನ್ನಿನ ತುದಿಯನ್ನು ಶುಚಿಮಾಡಲು ನವಸಾಗರವೆಂಬ ಉಪ್ಪಿನ ತುಂಡಿಗೆ ಒಮ್ಮೆ ಉಜ್ಜಿದರು, ಬಿಳಿ ಹೊಗೆ ಎದ್ದಿತು, ತುದಿ ಹೊಳೆಯಿತು. ಮೊದಲು ಟ್ಯಾಂಕಿನ ತಗಡಿಗೆ ಬರೀ ತವರ ಹಿಡಿಸಿದರು. ತವರ ಮೊದಲಿಗೆ ಮುತ್ತಾಗಿ ಉರುಳುತ್ತಿತ್ತು, ಜಾಗ ಸಾಕಷ್ಟು ಬಿಸಿಯಾದಾಗ ಒಮ್ಮೆಲೇ ಹರಡಿ ತಗಡಿಗೆ ಅಂಟಿ ಕನ್ನಡಿಯಾಯಿತು. ಹಾಗೆ ಹರಡದೆ ಮುತ್ತಾಗಿಯೇ ಉಳಿದ ಕಡೆ ತುಕ್ಕು ಇನ್ನೂ ಇದೆ ಎಂದರ್ಥ. ಅಲ್ಲಿ ನಿಲ್ಲಿಸಿ, ತಿಕ್ಕಿ, ಮತ್ತೆ ಹಿಡಿಸಿದರು. ತೇಪೆಗೆ ಕತ್ತರಿಸಿದ ಉಕ್ಕಿನ ತಗಡಿನ ಮೂಲೆಗಳನ್ನು ದುಂಡಗೆ ಮಾಡಿ, ತಗ್ಗಿನ ಬಾಗಿಗೆ ತಕ್ಕಂತೆ ಬಡಿದು, ಅದಕ್ಕೂ ತವರ ಹಿಡಿಸಿ, ಮೇಲಿಟ್ಟು ಕಾಯಿಸಿದಾಗ ಸುತ್ತಲಿಂದ ತವರದ ತೆಳು ಗೆರೆ ಹೊರಗಿಣುಕಿತು. ಮೂರು ತೂತುಗಳಿಗೂ ಸೇರಿ ಒಂದೇ ತೇಪೆ. ಅಲುಗಿಸದೆ ಆರಲು ಬಿಟ್ಟು, ಆಮೇಲೆ ಸೋಡಾ ನೀರಿನಲ್ಲಿ ತೊಳೆದೆವು. ಈ ಆ್ಯಸಿಡಿನ ಅಂಶ ಉಳಿದರೆ ತೇಪೆಯ ಸುತ್ತಲೇ ಹೊಸ ತುಕ್ಕು ಶುರು.

ಪರೀಕ್ಷೆಗೆ ಹಳೆಯ ಸುಣ್ಣ ಮತ್ತು ಸೀಮೆಎಣ್ಣೆ ವಿಧಾನವನ್ನೇ ನಂಬುತ್ತೇನೆ. ಈಗ ಸೀಮೆಎಣ್ಣೆ ಸಿಗುವುದು ಕಷ್ಟ, ಡೀಸೆಲ್ ಬಳಸಿದೆ. ತೇಪೆಯ ಸುತ್ತ ಹೊರಗೆ ಸುಣ್ಣ ಬಳಿದು ಒಣಗಿಸಿ, ಒಳಗೆ ಡೀಸೆಲ್ ಹಾಕಿ ರಾತ್ರಿ ಬಿಟ್ಟರೆ, ಕೂದಲೆಳೆಯಷ್ಟು ಬಿರುಕಿದ್ದರೂ ಬಿಳಿಯ ಮೇಲೆ ಕಲೆ ಮೂಡುತ್ತದೆ. ಮೂಡಲಿಲ್ಲ. ಸಾಬೂನು ನೀರು ಹಚ್ಚಿ ಗಾಳಿ ಹಾಕಿಯೂ ನೋಡಬಹುದು, ಆದರೆ ಕಂಪ್ರೆಸರ್ ಬೇಡ. ಎರಡು ಮೂರು ಪಿಎಸ್‌ಐ ಒತ್ತಡ ಮೀರಿದರೆ ಟ್ಯಾಂಕಿನ ಪಕ್ಕೆಗಳೇ ಉಬ್ಬಬಹುದು.

ತೇಪೆಯ ಭಾಗಕ್ಕೆ ಮಾತ್ರ ಪ್ರೈಮರ್ ಹೊಡೆದು, ಪೆಟ್ರೋಲ್ ತಡೆಯುವ ಗಟ್ಟಿಕಾರಕ ಬೆರೆತ ಬಣ್ಣ ಹಾಕಿದೆ. ಒಳಗಿನ ಬರಿಯ ಕಬ್ಬಿಣಕ್ಕೆ 2ಟಿ ಎಣ್ಣೆಯನ್ನೇ ಸುರಿದು ಎಲ್ಲ ಕಡೆ ತಾಗುವಂತೆ ತಿರುಗಿಸಿದೆ. ತುಕ್ಕು ಬಿಡಿಸಿದ ತಗಡು ಗಂಟೆಯೊಳಗೆ ಮತ್ತೆ ಕೆಂಪಾಗತೊಡಗುತ್ತದೆ, ಅದನ್ನು ತಡೆಯಲು ಟೂ ಸ್ಟ್ರೋಕ್ ಗಾಡಿಗೆ ಇದಕ್ಕಿಂತ ಸರಳವಾದ ಉಪಾಯವಿಲ್ಲ. ಹೇಗೂ ಎಂಜಿನ್ನಿನಲ್ಲಿ ಉರಿದುಹೋಗುವ ಎಣ್ಣೆ ಅದು. ಮುಚ್ಚಳದ ವಾಷರ್, ಪೆಟ್ರೋಲ್ ಪೈಪ್, ಟ್ಯಾಂಕ್ ಕೂರುವ ರಬ್ಬರುಗಳು ಹೊಸದಾದವು. ವೈರಿಂಗ್ ಕಟ್ಟನ್ನು ಟ್ಯಾಂಕಿಗೆ ತಾಗದಂತೆ ಚಾಸಿಗೆ ಬಿಗಿದೆ, ಕಾಕ್ ಮತ್ತು ಕಾರ್ಬ್ಯುರೇಟರ್ ನಡುವೆ ಸಣ್ಣ ಫಿಲ್ಟರ್ ಹಾಕಿದೆ.

ಗಾಡಿ ಒಪ್ಪಿಸುವಾಗ ಮೇಷ್ಟ್ರು ಕೇಳಿದ್ದು, "ದಾರಿಯಲ್ಲಿ ಎಲ್ಲಾದರೂ ಮತ್ತೆ ಒಸರಿದರೆ ಸಾಬೂನು ಮೆತ್ತಬಹುದೇ?" ಎಂದು. ಮೆತ್ತಬಹುದು. ಬಟ್ಟೆ ಸಾಬೂನು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಎಂಜಿನ್ ಆರಿಸಿ, ತಣಿದ ಮೇಲೆ ಒತ್ತಿ ಮೆತ್ತಿದರೆ ಹನಿ ನಿಲ್ಲುತ್ತದೆ. ಅದು ಗಾಡಿಯನ್ನು ರಸ್ತೆಯಿಂದ ಸುರಕ್ಷಿತ ಜಾಗಕ್ಕೆ ತರುವಷ್ಟಕ್ಕೆ ಮಾತ್ರ. ಕೆಳಗೇ ಬಿಸಿ ಸಿಲಿಂಡರ್ ಹೆಡ್, ಪಕ್ಕದಲ್ಲೇ ಪ್ಲಗ್ ವೈರ್ ಇರುವಾಗ ಸಾಬೂನನ್ನು ನಂಬಿ ಊರು ಸುತ್ತುವಂತಿಲ್ಲ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮುನ್ನ ಪೆಟ್ರೋಲ್ ಪೂರ್ತಿ ಇಳಿಸಿ, ಒಳಗೆ 2ಟಿ ಎಣ್ಣೆ ತಿರುಗಿಸಿ, ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸುವಂತೆ ಹೇಳಿದ್ದೇನೆ. ಮಳೆಗಾಲ ಕಳೆದು ಮತ್ತೆ ಪೆಟ್ರೋಲ್ ತುಂಬಿದ ಮೇಲೆ ಟ್ಯಾಂಕ್ ಬಿಚ್ಚಿ ನೋಡಿದಾಗ ತೇಪೆಯ ಅಂಚು ಒಣಗಿತ್ತು, ಬಾಟಲಿಗೆ ಇಳಿಸಿದ ಪೆಟ್ರೋಲಿನಲ್ಲಿ ಎರಡನೆಯ ಪದರವಿರಲಿಲ್ಲ. ತೇಪೆಯಿಂದ ಸ್ವಲ್ಪ ಹಿಂದೆ, ಕಾಕ್‌ನ ಆಚೆಬದಿಯಲ್ಲಿ, ಒಳಗಿನಿಂದ ಕುಳಿ ಬಿದ್ದ ಇನ್ನೊಂದು ಜಾಗವಿದೆ. ದಬ್ಬಳಕ್ಕೆ ಬಗ್ಗದಷ್ಟು ಗಟ್ಟಿಯಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಹೊರಗಿನಿಂದ ಅಲ್ಲಿಗೆ ಬಿಳಿ ಬಣ್ಣದ ಚುಕ್ಕಿಯಿಟ್ಟು ಗುರುತು ಮಾಡಿದ್ದೇನೆ. ಮುಂದೆ ಯಾರೇ ಈ ಟ್ಯಾಂಕ್ ಬಿಚ್ಚಲಿ, ಮೊದಲು ನೋಡಬೇಕಾದ ಜಾಗ ಅದು.